ಹೀಟ್ ಡಿಟೆಕ್ಟರ್: ಕಾವನ್ನು ಗುರುತಿಸಿ ಬೆಂಕಿಯ ಸುಳಿವು ನೀಡುವ ಸಾಧನ

ಕಟ್ಟಡದೊಳಗೆ ಬೆಂಕಿ ಹೊತ್ತಿಕೊಂಡಾಗ ಕಾದ ಗಾಳಿ ಮೇಲೇರಿ ಚಾವಣಿಯ ಅಡಿಯಲ್ಲಿ ಹರಡುತ್ತದೆ. ಈ ಕಾವನ್ನು ಗುರುತಿಸಿ ಎಚ್ಚರಿಕೆಯ ಗಂಟೆಗೆ ಸಂಕೇತ ಕಳುಹಿಸುವ ಉಪಕರಣವೇ ಹೀಟ್ ಡಿಟೆಕ್ಟರ್ ಅಥವಾ ಶಾಖ ಶೋಧಕ. ಥಾಮಸ್ ಎಡಿಸನ್ ಅವರ ಸಹೋದ್ಯೋಗಿ ಫ್ರಾನ್ಸಿಸ್ ಅಪ್ಟನ್ ಹಾಗೂ ಫರ್ನಾಂಡೊ ಡಿಬಲ್ ಅವರು ವಿದ್ಯುತ್ ಅಗ್ನಿ ಎಚ್ಚರಿಕೆ ಸಾಧನಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1890ರಲ್ಲಿ. ಭಾರತದಲ್ಲಿ ಶಾಖ ಶೋಧಕಗಳಿಗೆ ಐಎಸ್ 2175, ಎಚ್ಚರಿಕೆ ವ್ಯವಸ್ಥೆಯ ಅಳವಡಿಕೆಗೆ ಐಎಸ್ 2189 ಎಂಬ ಮಾನಕಗಳನ್ನು ರೂಪಿಸಲಾಗಿದೆ.

ಎರಡು ಬಗೆ

ಮೊದಲನೆಯದು ನಿಗದಿತ ಉಷ್ಣತೆಯ ಶೋಧಕ. ಸುತ್ತಲಿನ ಕಾವು ಗೊತ್ತುಪಡಿಸಿದ ಮಟ್ಟವನ್ನು, ಸಾಮಾನ್ಯವಾಗಿ ಸುಮಾರು 57 ಡಿಗ್ರಿ ಸೆಲ್ಸಿಯಸ್ ಅನ್ನು, ಮುಟ್ಟಿದಾಗ ಇದು ಎಚ್ಚರಿಸುತ್ತದೆ. ಕೆಲವು ಮಾದರಿಗಳಲ್ಲಿ ಕಡಿಮೆ ಕಾವಿಗೇ ಕರಗುವ ಮಿಶ್ರಲೋಹ ಕರಗಿ ವಿದ್ಯುತ್ ಸಂಪರ್ಕ ಏರ್ಪಡುತ್ತದೆ. ಇವು ಒಮ್ಮೆ ಮಾತ್ರ ಬಳಕೆಗೆ ಬರುತ್ತವೆ. ಇನ್ನು ಕೆಲವುಗಳಲ್ಲಿ ಭಿನ್ನವಾಗಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದ ಪಟ್ಟಿ ಬಾಗಿ ಸಂಪರ್ಕ ಕೂಡಿಸುತ್ತದೆ. ತಣಿದ ಮೇಲೆ ಅದು ಮೊದಲಿನಂತಾಗುತ್ತದೆ.

ಎರಡನೆಯದು ಕಾವು ಏರುವ ವೇಗವನ್ನು ಗುರುತಿಸುವ ಶೋಧಕ. ಉಷ್ಣತೆ ನಿಮಿಷಕ್ಕೆ ಸುಮಾರು 7ರಿಂದ 8 ಡಿಗ್ರಿಯಷ್ಟು ಏರಿದರೆ ಇದು ಸ್ಪಂದಿಸುತ್ತದೆ. ಇದರ ಗಾಳಿಗೂಡಿಗೆ ಸೂಕ್ಷ್ಮ ರಂಧ್ರವೊಂದಿರುತ್ತದೆ. ಬಿಸಿಲಿಗೆ ನಿಧಾನವಾಗಿ ಹಿಗ್ಗಿದ ಗಾಳಿ ರಂಧ್ರದಿಂದ ಹೊರಹೋಗುತ್ತದೆ. ಬೆಂಕಿಗೆ ಥಟ್ಟನೆ ಹಿಗ್ಗಿದಾಗ ಹೊರಹೋಗಲು ಸಮಯ ಸಾಲದೆ ಒಳಗಿನ ತೆಳುಪೊರೆಯನ್ನು ತಳ್ಳುತ್ತದೆ. ನಿಧಾನವಾಗಿ ಬೆಳೆಯುವ ಬೆಂಕಿ ಇದರ ಕಣ್ತಪ್ಪಿಸಬಹುದಾದ್ದರಿಂದ, ಎರಡೂ ಗುಣಗಳನ್ನು ಸೇರಿಸಿದ ಉಪಕರಣಗಳು ಬಳಕೆಯಲ್ಲಿವೆ. ಈಚಿನ ಮಾದರಿಗಳಲ್ಲಿ ಈ ಕೆಲಸವನ್ನು ಥರ್ಮಿಸ್ಟರ್ ಎಂಬ ವಿದ್ಯುನ್ಮಾನ ಬಿಡಿಭಾಗ ಮಾಡುತ್ತದೆ.

ಉರಿಗಾಂ ನೀಡುವ ಉದಾಹರಣೆ

ಶೋಧಕದ ಆಯ್ಕೆಗೆ ಸ್ಥಳದ ಸಹಜ ಉಷ್ಣತೆಯೇ ಆಧಾರ. ಕೋಲಾರ ಚಿನ್ನದ ಗಣಿ ಪ್ರದೇಶದ ಉರಿಗಾಂ ಇದಕ್ಕೆ ಒಳ್ಳೆಯ ನಿದರ್ಶನ. ಅದರ ನೆರೆಯ ಚಾಂಪಿಯನ್ ರೀಫ್ ಗಣಿ ಸುಮಾರು 3,200 ಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಂಡೆಯ ಕಾವು 65 ಡಿಗ್ರಿಯ ಆಸುಪಾಸಿನಲ್ಲಿತ್ತು. ಕಚೇರಿಗೆ ತಕ್ಕ 57 ಡಿಗ್ರಿಯ ಶೋಧಕವನ್ನು ಅಂತಹ ಬಂಡೆಗೆ ತಾಗಿಸಿ ಇಟ್ಟರೆ ಬೆಂಕಿಯಿಲ್ಲದೆಯೇ ಗಂಟೆ ಬಾರಿಸೀತು. ಗಣಿಗಳು 2001ರಲ್ಲಿ ಮುಚ್ಚಿದರೂ ಇದೇ ತತ್ತ್ವ ಶೀಟಿನ ಚಾವಣಿಯ ಕಾರ್ಖಾನೆ, ಬಾಯ್ಲರ್ ಕೋಣೆಗಳಿಗೆ ಅನ್ವಯಿಸುತ್ತದೆ. ಅಲ್ಲಿ ಹೆಚ್ಚಿನ ಮಟ್ಟದ ಶೋಧಕ ಬೇಕು. ತಂಪಾದ ಕೋಣೆಯಲ್ಲಿ ಅದನ್ನೇ ಹಾಕಿದರೆ ಎಚ್ಚರಿಕೆ ತಡವಾಗುತ್ತದೆ.

ಗಾಳಿ ಬೀಸಿದಾಗ ಗಣಿಯ ತ್ಯಾಜ್ಯದ ಸಯನೈಡ್ ದಿಬ್ಬಗಳಿಂದ ಏಳುವ ನುಣುಪು ಧೂಳು ಕೆಜಿಎಫ್ ನಿವಾಸಿಗಳಿಗೆ ಚಿರಪರಿಚಿತ. ಇಂತಹ ಧೂಳನ್ನು ಹೊಗೆ ಶೋಧಕವು ಹೊಗೆಯೆಂದೇ ಭಾವಿಸಬಹುದು. ಶಾಖ ಶೋಧಕಕ್ಕೆ ಆ ತೊಂದರೆಯಿಲ್ಲ. ಅಡುಗೆಮನೆ, ಜನರೇಟರ್ ಕೋಣೆ, ಧೂಳು ತುಂಬಿದ ವರ್ಕ್‌ಶಾಪ್‌ಗಳಿಗೆ ಇದನ್ನು ಆರಿಸುವುದು ಈ ಕಾರಣದಿಂದಲೇ.

ಮಿತಿಯೂ ಉಂಟು

ಕಾವು ಏರುವ ಮೊದಲೇ ಹೊಗೆ ಪ್ರಾಣ ತೆಗೆಯಬಲ್ಲದು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಸಂಭವಿಸಿದ ಬೆಂಕಿ ಅನಾಹುತದಲ್ಲಿ ಮಹಡಿಗಳಿಗೆ ಹೊಗೆ ತುಂಬಿತು. 9 ಮಂದಿ ಮೃತಪಟ್ಟರು. ಆದ್ದರಿಂದ ಜನರು ಮಲಗುವ ಕೋಣೆ, ಹೊರದಾರಿ ಹಾಗೂ ಮೆಟ್ಟಿಲುಗಳ ಬಳಿ ಶಾಖ ಶೋಧಕವೊಂದನ್ನೇ ನೆಚ್ಚುವಂತಿಲ್ಲ; ಹೊಗೆ ಶೋಧಕ ಅವಶ್ಯ.

ಶೋಧಕಕ್ಕೆ ಬಣ್ಣ ಬಳಿಯುವುದು, ಗಾಳಿಯಾಡದ ಮೂಲೆಯಲ್ಲಿ ಅದನ್ನು ಕೂರಿಸುವುದು ಸಲ್ಲದು. ಕರಗುವ ಲೋಹದ ಮಾದರಿಯನ್ನು ಬಿಸಿ ಮಾಡಿ ಪರೀಕ್ಷಿಸಿದರೆ ಅದು ನಿರುಪಯುಕ್ತವಾಗುತ್ತದೆ. ಉಳಿದವುಗಳ ಪರೀಕ್ಷೆಗೆ ಬಿಸಿಗಾಳಿ ಬಳಸಬೇಕೇ ಹೊರತು ಬೆಂಕಿಕಡ್ಡಿಯನ್ನಲ್ಲ.