ವರ್ಜೀನಿಯಾದ ಸೊಪ್ಪು, ನಮ್ಮೂರಿನ ಬ್ಯಾರನ್

ನಾನು ಈ ಶಾಲೆಯಲ್ಲಿ ಹತ್ತನೇ ತರಗತಿಯಲ್ಲಿದ್ದಾಗ ಅರ್ಧವಾರ್ಷಿಕ ಪರೀಕ್ಷೆಗೆ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾರಣಗಳನ್ನು ಕೇಳಿದ್ದರು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದನ್ನು ಬರೆದು ಅಂಕ ಗಿಟ್ಟಿಸಿದೆ. ಅಂದು ರಾತ್ರಿ ಬ್ಯಾರನ್ ಒಲೆಗೆ ಸೌದೆ ಹಾಕುತ್ತ ಅಪ್ಪನ ಜೊತೆ ಎದ್ದು ಕುಳಿತಿದ್ದೆ. ಒಳಗೆ ಬೇಯುತ್ತಿದ್ದ ಸೊಪ್ಪಿನ ಹೆಸರಿನಲ್ಲೇ ಅಮೆರಿಕ ಇದೆ ಎಂಬುದು ನನಗೆ ಹೊಳೆಯಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ರೈತರೆಲ್ಲ ದಿನಕ್ಕೆ ಹತ್ತು ಸಲ ಹೇಳುವ 'ವರ್ಜೀನಿಯಾ' ಒಂದು ಸೀಮೆಯ ಹೆಸರು ಎಂದು ತಿಳಿದದ್ದು ಕಾಲೇಜು ಸೇರಿದ ಮೇಲೆ.

ಇಂಗ್ಲಿಷರು ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದ್ದು 1607ರಲ್ಲಿ. ಚಿನ್ನ ಹುಡುಕಿ ಬಂದವರು ಹಸಿವಿನಿಂದ ಸತ್ತರು. ಸ್ಥಳೀಯ ಹೊಗೆಸೊಪ್ಪು ಕಟುವಾಗಿತ್ತು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬಾತ ದಕ್ಷಿಣದ ಸ್ಪ್ಯಾನಿಷ್ ಸೀಮೆಯ ಬೀಜ ತಂದು ಬಿತ್ತಿದ. ಲಂಡನ್ನಿನವರಿಗೆ ಅದರ ರುಚಿ ಹಿಡಿಯಿತು. ಐದು ವರ್ಷದೊಳಗೆ ಜೇಮ್ಸ್‌ಟೌನ್‌ನ ಬೀದಿಗಳಲ್ಲೂ ಸೊಪ್ಪು ನೆಟ್ಟಿದ್ದರಂತೆ. ಉತ್ತರದ ವಸಾಹತುಗಳು ಮೀನು, ಹಡಗು, ಗೋಧಿಯಿಂದ ಬದುಕಿದವು; ಕೆರೊಲಿನಾ ಭತ್ತ ಮತ್ತು ನೀಲಿಯಿಂದ. ವರ್ಜೀನಿಯಾ ಮಾತ್ರ ಒಂದೇ ಬೆಳೆಗೆ ಗಂಟುಬಿತ್ತು.

ಬೆಳೆ ಒಂದಾದರೆ ಕೊಳ್ಳುವವನೂ ಒಬ್ಬನೇ. 1660ರ ಕಾನೂನಿನಂತೆ ತಂಬಾಕನ್ನು ಇಂಗ್ಲೆಂಡಿಗೆ ಅಥವಾ ಅದರ ವಸಾಹತುಗಳಿಗೆ ಮಾತ್ರ ಕಳಿಸಬೇಕಿತ್ತು. ಹಾಲೆಂಡಿನವರು ಹೆಚ್ಚು ಬೆಲೆ ಕೊಟ್ಟರೂ ಮಾರುವಂತಿಲ್ಲ. 1770ರ ದಶಕದ ಹೊತ್ತಿಗೆ ವರ್ಜೀನಿಯಾ ಮತ್ತು ಮೇರಿಲ್ಯಾಂಡಿನಿಂದ ವರ್ಷಕ್ಕೆ ಸುಮಾರು 10 ಕೋಟಿ ಪೌಂಡು ಸೊಪ್ಪು ಹೋಗುತ್ತಿತ್ತು. ಬ್ರಿಟನ್ನಿನ ವರ್ತಕರು ಅದರ ಬಹುಪಾಲನ್ನು ಯುರೋಪಿಗೆ ಮರುಮಾರಾಟ ಮಾಡಿ ಲಾಭ ಪಡೆದರು. 1682ರಲ್ಲಿ ಬೆಲೆ ನೆಲಕಚ್ಚಿದಾಗ ಗ್ಲಾಸ್ಟರ್ ಕೌಂಟಿಯ ರೈತರು ಬೆಲೆ ಏರಲೆಂದು ತಮ್ಮ ಹೊಲದ ಗಿಡಗಳನ್ನು ತಾವೇ ಕಡಿದರು, ನೆರೆಯವರದ್ದನ್ನೂ ಬಿಡಲಿಲ್ಲ. ಎರಡು ವರ್ಷದ ನಂತರ ವರ್ಜೀನಿಯಾದ ಶಾಸನಸಭೆ ಗುಂಪುಗೂಡಿ ಗಿಡ ಕಡಿಯುವುದನ್ನು ರಾಜದ್ರೋಹವೆಂದು ಸಾರಿತು.

ಅಲ್ಲಿ ನಾಣ್ಯವೇ ಅಪರೂಪ, ಸೊಪ್ಪೇ ದುಡ್ಡು. 1730ರ ಕಾನೂನಿನಿಂದ ಸರ್ಕಾರಿ ಉಗ್ರಾಣಗಳು ಬಂದವು. ಪರೀಕ್ಷಕರು ಕಳಪೆ ಸೊಪ್ಪನ್ನು ಸುಡುತ್ತಿದ್ದರು, ಒಳ್ಳೆಯದಕ್ಕೆ ಚೀಟಿ ಕೊಡುತ್ತಿದ್ದರು. ಆ ಚೀಟಿಯಿಂದಲೇ ಸಾಲ, ಕಂದಾಯ ತೀರುತ್ತಿತ್ತು. ಚರ್ಚಿನ ಪಾದ್ರಿಗೆ ವರ್ಷದ ಸಂಬಳ 16,000 ಪೌಂಡು ತಂಬಾಕು, ಅಂದರೆ ಏಳು ಸಾವಿರ ಕಿಲೋಗೂ ಹೆಚ್ಚು! (ನಮ್ಮ ಮೇಷ್ಟ್ರುಗಳಿಗೆ ಹಾಗೆ ಕೊಟ್ಟಿದ್ದರೆ ಸ್ಟಾಫ್ ರೂಮಿನಲ್ಲಿ ಕೂರಲು ಜಾಗವೇ ಇರುತ್ತಿರಲಿಲ್ಲ.) 1758ರಲ್ಲಿ ಬರ ಬಂದು ಸೊಪ್ಪಿನ ಬೆಲೆ ಏರಿದಾಗ, ಪೌಂಡಿಗೆ ಎರಡು ಪೆನ್ನಿಯಂತೆ ಹಣ ಕೊಟ್ಟರೆ ಸಾಕೆಂದು ಅಲ್ಲಿನ ಶಾಸನಸಭೆ ಕಾನೂನು ಮಾಡಿತು. ರಾಜ ಅದನ್ನು ರದ್ದುಮಾಡಿದ. ಪಾದ್ರಿಗಳು ಮೊಕದ್ದಮೆ ಹೂಡಿದರು. 1763ರಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ಯುವ ವಕೀಲ ರಾಜನ ವಿರುದ್ಧವೇ ವಾದಿಸಿದ. ಪಾದ್ರಿಗೆ ಸಿಕ್ಕಿದ ಪರಿಹಾರ ಒಂದು ಪೆನ್ನಿ. ಚಹಾ ಪೆಟ್ಟಿಗೆಗಳಿಗೆ ಹತ್ತು ವರ್ಷ ಮೊದಲೇ ಸೊಪ್ಪಿನ ಜಗಳದಲ್ಲಿ ಕಿಡಿ ಬಿದ್ದಿತ್ತು.

ನನಗೆ ಬಹಳ ಹತ್ತಿರವೆನಿಸುವುದು ಸಾಲದ ಭಾಗ. ಬೆಳೆಗಾರ ಸೊಪ್ಪನ್ನು ಲಂಡನ್ ವರ್ತಕನಿಗೆ ಕಳಿಸುತ್ತಿದ್ದ. ಆ ವರ್ತಕನೇ ಬಟ್ಟೆ, ಸಾಮಾನು ಕಳಿಸಿ ಲೆಕ್ಕ ಬರೆದುಕೊಳ್ಳುತ್ತಿದ್ದ. ಸಣ್ಣ ರೈತನಿಗೆ ಸ್ಕಾಟ್ಲೆಂಡ್ ಕಂಪನಿಗಳ ಅಂಗಡಿಯೇ ಗತಿ. ಜಾರ್ಜ್ ವಾಷಿಂಗ್ಟನ್ ಸಹ ಹೀಗೆ ಸಾಲಗಾರನಾಗಿ, 1760ರ ದಶಕದಲ್ಲಿ ತಂಬಾಕು ಬಿಟ್ಟು ಗೋಧಿಗೆ ತಿರುಗಿದ.

ನಮ್ಮಪ್ಪ ಗೊಬ್ಬರಕ್ಕೂ ಸೌದೆಗೂ ಮುಂಗಡ ತಂದಿದ್ದ ವ್ಯಾಪಾರಿಗೇ ಸೊಪ್ಪು ಕೊಡಬೇಕಿತ್ತು. ಗ್ರೇಡು ಅವನದು, ತಕ್ಕಡಿ ಅವನದು. ಒಂದು ವರ್ಷ ಬೇಲ್ ಬಿಚ್ಚಿ ಮೂಸಿ ನೋಡಿ, ಅರ್ಧ ಬೆಲೆ ಹೇಳಿದ. ಅಪ್ಪ ಮಾತಾಡದೆ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. 1984ರಲ್ಲಿ ತಂಬಾಕು ಮಂಡಳಿ ಕರ್ನಾಟಕದಲ್ಲಿ ಹರಾಜು ಆರಂಭಿಸಿತು. ಬೆಲೆ ಏರಿಳಿದರೂ ಹತ್ತಾರು ಜನರ ಮುಂದೆ ಕೂಗುವುದಾಯಿತಲ್ಲ, ಅಷ್ಟೇ ಸಾಕು ಎನ್ನುತ್ತಿದ್ದರು.

ಹೋಲಿಕೆಗೆ ಒಂದು ಮಿತಿ ಇದೆ. 1619ರಲ್ಲಿ ಆಫ್ರಿಕನ್ನರನ್ನು ಹಡಗಿನಲ್ಲಿ ವರ್ಜೀನಿಯಾಕ್ಕೆ ತಂದು ಮಾರಲಾಯಿತು. ಮುಂದೆ ಆ ಸೊಪ್ಪೆಲ್ಲ ಗುಲಾಮರ ಬೆವರಿನಲ್ಲೇ ಬೆಳೆಯಿತು. ನಮ್ಮ ಬ್ಯಾರನ್ ಪದ್ಧತಿಗೂ ಅದರ ನಂಟಿದೆ: ಬಿಸಿಯಲ್ಲಿ ಸೊಪ್ಪನ್ನು ಹೊಂಬಣ್ಣಕ್ಕೆ ತರುವುದನ್ನು 1839ರಲ್ಲಿ ಉತ್ತರ ಕೆರೊಲಿನಾದ ಸ್ಟೀಫನ್ ಎಂಬ ಗುಲಾಮ ಆಕಸ್ಮಿಕವಾಗಿ ಕಂಡುಕೊಂಡನೆನ್ನುತ್ತಾರೆ. ಸಾಲ ನಮ್ಮನ್ನು ಬಗ್ಗಿಸಿತು, ನಿಜ. ಆದರೆ ನಮ್ಮನ್ನು ಯಾರೂ ಮಾರಲಿಲ್ಲ.

ವಾಷಿಂಗ್ಟನ್ನಿನ ಕಥೆಯನ್ನು ಒಮ್ಮೆ ಅಪ್ಪನಿಗೆ ಹೇಳಿ, ನಾವೂ ಬೆಳೆ ಬದಲಿಸೋಣ ಎಂದೆ. "ಅವ್ನಿಗೆ ಸಾವ್ರಾರು ಎಕ್ರೆ ಇತ್ತು ಕಲಾ ಮಗ. ನಂಗೆ ಮೂರೆಕ್ರೆ. ರಾಗಿ ಬೆಳುದ್ರೆ ಸಾಲ ತೀರ್ತದಾ?" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಈಗ ತಮ್ಮ ಅದೇ ಹೊಲದ ಅರ್ಧಕ್ಕೆ ಶುಂಠಿ ಹಾಕುತ್ತಾನೆ, ಇನ್ನರ್ಧಕ್ಕೆ ಸೊಪ್ಪು. ಬ್ಯಾರನ್ನಿಗೆ ಹೋದ ವರ್ಷ ಹೊಸ ಹೆಂಚು ಹಾಕಿಸಿದ.