ಮಂದೆ ಕಾಯ್ದ ಮನೆತನಗಳು



ಅಮೃತಮಹಲ್ ರಾಸುಗಳ ಚರಿತ್ರೆಯಲ್ಲಿ ಅರಸರ ಹೆಸರುಗಳು ಸ್ಪಷ್ಟವಾಗಿವೆ. ಚಿಕ್ಕದೇವರಾಜ ಒಡೆಯರು (1673–1704) ‘ಬೆಣ್ಣೆ ಚಾವಡಿ’ಯನ್ನು ವ್ಯವಸ್ಥೆಗೊಳಿಸಿದರು, ಟಿಪ್ಪು ಸುಲ್ತಾನನು ಅದನ್ನು ಅಮೃತಮಹಲ್ ಎಂದು ಕರೆದನು. ಈ ಎತ್ತುಗಳು ಸೇನೆಯ ಫಿರಂಗಿಗಳನ್ನೆಳೆದವು. 1860ರಲ್ಲಿ ಬ್ರಿಟಿಷ್ ಆಡಳಿತವು ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನು ಮಾರಿತು. ಎತ್ತುಗಳ ಕೊರತೆ ಕಂಡು 1866ರಲ್ಲಿ ಪುನಃ ಕಟ್ಟಿತು.

ಆದರೆ ಮಳೆಗಾಲ, ಬರಗಾಲವೆನ್ನದೆ ಹುಲ್ಲು ನೀರು ಅರಸುತ್ತ ದನಗಳ ಹಿಂದೆ ನಡೆದವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ. ಚಳ್ಳಕೆರೆ ಸೀಮೆಯಲ್ಲಿ ಮ್ಯಾಸನಾಯಕರ ಕಿಲಾರಿಗಳು ಇಂದಿಗೂ ದೇವರ ಎತ್ತುಗಳನ್ನು ಸಾಕುತ್ತಿದ್ದಾರೆ. ಅಲ್ಲಿಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ ಹಾಗೂ ವಿಜ್ಞಾನ ಸಂಸ್ಥೆಗಳ ಪಾಲಾಗಿದೆ.

ಇಂತಹ ಮನೆತನಗಳಿಗೆ ಶಾಲು ಹೊದಿಸಿದರೆ ಸಾಲದು. ಉಳಿದ ಹುಲ್ಲುಗಾವಲನ್ನು ಉಳಿಸಿಕೊಡುವುದೇ ನಿಜವಾದ ಸನ್ಮಾನವೆಂದು ನಾನು ಭಾವಿಸುತ್ತೇನೆ.