ತನ್ನ ಹಾಡಿಗೆ ತಾನೇ ಯಜಮಾನಿ: ಆನಿ ಡಿಫ್ರಾಂಕೊ ಕಥೆ

ಕೆಲಸಕ್ಕೆ ಸೇರೋ ದಿನ ನಾವೆಲ್ಲ ಒಂದು ಕಾಗದಕ್ಕೆ ಸಹಿ ಹಾಕಿರ್ತೀವಿ. ಇಲ್ಲಿ ನಾನು ಬರೆಯೋ ಕೋಡ್ ಎಲ್ಲ ಕಂಪನಿಯದ್ದು, ನನ್ನದಲ್ಲ ಅಂತ. ಪುಣೆಯಲ್ಲಿ ಕೂತು ಕೋಡ್ ಬರೀತಿರೋ ನಾನೂ ಹಾಕಿದ್ದೀನಿ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತೆ, ಹಾಗಾಗಿ ತಕರಾರಿಲ್ಲ. ಆದರೆ ಹಾಡು ಕಟ್ಟುವವರೂ ಇಂಥದ್ದೇ ಕಾಗದಕ್ಕೆ ಸಹಿ ಹಾಕ್ತಾರೆ, ಅದೂ ತಿಂಗಳ ಸಂಬಳ ಇಲ್ಲದೆ. ಇವತ್ತು ನಾನು ಹೇಳೋದು ಆ ಸಹಿ ಹಾಕದೆಯೇ ಮೂವತ್ತು ವರ್ಷಕ್ಕೂ ಮೀರಿ ಹಾಡಿಕೊಂಡು ಬಂದ ಒಬ್ಬ ಅಮೆರಿಕನ್ ಹೆಣ್ಣುಮಗಳ ಚರಿತ್ರೆ. ಹೆಸರು ಆನಿ ಡಿಫ್ರಾಂಕೊ.

ಮೊದಲು ಆ ಕಾಗದದಲ್ಲಿ ಏನಿರ್ತಿತ್ತು ಅಂತ ನೋಡೋಣ. ಒಂದು ಹಾಡಿಗೆ ಎರಡು ಬಗೆಯ ಹಕ್ಕು ಇರುತ್ತೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಒಂದು, ಸ್ಟುಡಿಯೊದಲ್ಲಿ ಆದ ಧ್ವನಿಮುದ್ರಣದ ಹಕ್ಕು ಇನ್ನೊಂದು. ಈ ಎರಡನೆಯದನ್ನು ಮಾಸ್ಟರ್ ಅಂತಾರೆ. 1980-90ರ ದಶಕದ ಅಮೆರಿಕದಲ್ಲಿ ದೊಡ್ಡ ರೆಕಾರ್ಡ್ ಕಂಪನಿಗಳು ಹೊಸ ಗಾಯಕರಿಗೆ ಮುಂಗಡ ಹಣ ಕೊಡ್ತಿದ್ದವು. ಆಮೇಲೆ ಗಾಯಕರ ರಾಯಲ್ಟಿಯಿಂದಲೇ ಆ ಮುಂಗಡ, ಸ್ಟುಡಿಯೊ ಖರ್ಚು ಎಲ್ಲ ವಸೂಲಿ. ಅಷ್ಟೂ ತೀರಿದ ಮೇಲೂ ಮಾಸ್ಟರ್ ಸಾಮಾನ್ಯವಾಗಿ ಕಂಪನಿಯ ಹತ್ತಿರವೇ ಉಳೀತಿತ್ತು. ಗೃಹಸಾಲದ ಕೊನೇ ಕಂತು ಕಟ್ಟಿದ ಮೇಲೂ ಮನೆ ಬ್ಯಾಂಕಿನ ಹೆಸರಲ್ಲೇ ಇದ್ದ ಹಾಗೆ. ಪ್ರಿನ್ಸ್‌ನಂಥ ಮಹಾ ಗಾಯಕ 1990ರ ದಶಕದಲ್ಲಿ ವಾರ್ನರ್ ಕಂಪನಿ ಜೊತೆ ಜಗಳಕ್ಕೆ ಬಿದ್ದು, ಕೆನ್ನೆ ಮೇಲೆ 'ಗುಲಾಮ' ಅಂತ ಬರೆದುಕೊಂಡು ಓಡಾಡಿದ್ದು ಇಂಥ ಒಪ್ಪಂದದ ವಿರುದ್ಧವೇ.

ಆನಿ ಹುಟ್ಟಿದ್ದು 1970ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೊ ಊರಲ್ಲಿ. ಉಕ್ಕಿನ ಕಾರ್ಖಾನೆಗಳ ಊರು. ಪಕ್ಕದ ಲಾಕವಾನಾದಲ್ಲಿದ್ದ ಬೆತ್ಲೆಹೆಮ್ ಸ್ಟೀಲ್‌ನ ದೊಡ್ಡ ಕಾರ್ಖಾನೆ 1983ರಲ್ಲಿ ಉಕ್ಕು ಕರಗಿಸೋದನ್ನೇ ನಿಲ್ಲಿಸಿತು. ಕೆಲಸ ಹೋಯ್ತು, ಜನ ಊರು ಬಿಟ್ಟರು. ಈಕೆ ಒಂಬತ್ತನೇ ವಯಸ್ಸಿಗೇ ಗಿಟಾರ್ ಹಿಡಿದವಳು. ಸ್ಥಳೀಯ ಗಾಯಕ ಮೈಕಲ್ ಮೆಲ್ಡ್ರಮ್ ಅವರ ಜೊತೆ ಬಾರು, ಕೆಫೆಗಳಲ್ಲಿ ಬೀಟಲ್ಸ್ ಹಾಡು ಹಾಡ್ತಿದ್ದಳು. ಹದಿನೈದರ ಹೊತ್ತಿಗೆ ತಾಯಿ ಬೇರೆ ರಾಜ್ಯಕ್ಕೆ ಹೋದಾಗ ಈಕೆ ಊರಲ್ಲೇ ಉಳಿದು, ಕಾನೂನಿನ ಪ್ರಕಾರ ಸ್ವತಂತ್ರಳಾಗಿ ಬದುಕೋಕೆ ಶುರು ಮಾಡಿದಳು. ಅಷ್ಟರಲ್ಲಾಗಲೇ ಸ್ವಂತ ಹಾಡುಗಳಿದ್ದವು.

1990ರಲ್ಲಿ ತನ್ನ ಹೆಸರಿನದೇ ಮೊದಲ ಆಲ್ಬಮ್ ತಂದಳು. ಮೊದಲು ಮಾಡಿಸಿದ್ದು 500 ಕ್ಯಾಸೆಟ್. ಅದಕ್ಕಂತಲೇ ಹುಟ್ಟಿದ ಕಂಪನಿ ಮುಂದೆ ರೈಟಿಯಸ್ ಬೇಬ್ ರೆಕಾರ್ಡ್ಸ್ ಅಂತ ಹೆಸರಾಯ್ತು. ವ್ಯಾಪಾರದ ವಿಧಾನ ಅಂದ್ರೆ ಇಷ್ಟೇ: ಕಾರಿನಲ್ಲಿ ಊರೂರು ಸುತ್ತೋದು, ಕಾಲೇಜು, ಕೆಫೆ, ಜಾನಪದ ಉತ್ಸವಗಳಲ್ಲಿ ಹಾಡೋದು, ಹಾಡಿದ ಮೇಲೆ ಕ್ಯಾಸೆಟ್ ಮಾರೋದು. ಕೊಂಡವರು ಗೆಳತಿಯರಿಗೆ ಕಾಪಿ ಮಾಡಿ ಕೊಡ್ತಿದ್ದರು, ಮುಂದಿನ ವರ್ಷ ಅದೇ ಊರಲ್ಲಿ ಹೆಚ್ಚು ಜನ ಸೇರ್ತಿದ್ದರು. ಆಮೇಲೆ ಅಂಚೆಯಲ್ಲಿ ಆಲ್ಬಮ್ ತರಿಸಿಕೊಳ್ಳೋಕೆ ಒಂದು ಟೋಲ್ ಫ್ರೀ ನಂಬರ್ ಬಂತು. ಫೋನಿನ ಗುಂಡಿಗಳ ಮೇಲಿನ ಅಕ್ಷರ ಕೂಡಿಸಿ ಓದಿದರೆ 'ಆನ್ ಹರ್ ಓನ್', ಅಂದ್ರೆ 'ತನ್ನ ಕಾಲ ಮೇಲೆ ತಾನು'!

90ರ ದಶಕದಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಂದು ಆಲ್ಬಮ್. ದೊಡ್ಡ ಕಂಪನಿಗಳು ಹುಡುಕಿಕೊಂಡು ಬಂದವು. ಒಲ್ಲೆ ಅಂದಳು. ಆ ನಿರಾಕರಣೆಯನ್ನೇ 1995ರ 'ನಾಟ್ ಎ ಪ್ರೆಟಿ ಗರ್ಲ್' ಆಲ್ಬಮಿನಲ್ಲಿ ಒಂದು ಹಾಡು ಮಾಡಿದಳು. 1997ರ 'ಲಿವಿಂಗ್ ಇನ್ ಕ್ಲಿಪ್', ಅಂದ್ರೆ ಕಛೇರಿಗಳಲ್ಲಿ ನೇರವಾಗಿ ಮುದ್ರಿಸಿಕೊಂಡ ಆಲ್ಬಮ್, ಅಮೆರಿಕದಲ್ಲಿ ಗೋಲ್ಡ್ ಮಾನ್ಯತೆ ಪಡೀತು. 1998ರ 'ಲಿಟ್ಲ್ ಪ್ಲಾಸ್ಟಿಕ್ ಕಾಸಲ್' ಬಿಲ್‌ಬೋರ್ಡ್ ಪಟ್ಟಿಗೆ ಬಂದದ್ದೇ 22ನೇ ಸ್ಥಾನದಲ್ಲಿ.

ಈಗ ಬಿಸಿನೆಸ್ ಪತ್ರಿಕೆಗಳಿಗೆ ಕುತೂಹಲ. ಒಂದು ಆಲ್ಬಮಿಗೆ ಈಕೆಗೆ ನಾಲ್ಕು ಡಾಲರಿಗೂ ಹೆಚ್ಚು ಉಳಿಯುತ್ತೆ, ದೊಡ್ಡ ಕಂಪನಿಗಳ ಸ್ಟಾರ್‌ಗಳಿಗೂ ಇಷ್ಟಿಲ್ಲ ಅನ್ನೋ ಲೆಕ್ಕ ಎಲ್ಲ ಕಡೆ ಹರಿದಾಡಿತು. 1997ರಲ್ಲಿ 'ಮಿಸ್' ಅನ್ನೋ ಮಹಿಳಾ ಪತ್ರಿಕೆಯೂ ಆ ಲೆಕ್ಕವನ್ನೇ ಹೊಗಳಿ ಬರೆದಾಗ ಆನಿ ಒಂದು ಬಹಿರಂಗ ಪತ್ರ ಬರೆದಳು. ನನ್ನ ಕೆಲಸವನ್ನು ದುಡ್ಡಿನ ಅಂಕಿಯಿಂದ ಅಳೀಬೇಡಿ, ನಾನು ಮೊದಲು ಹಾಡುಗಾರ್ತಿ, ವ್ಯಾಪಾರ ಆಮೇಲೆ ಅನ್ನೋದು ಅದರ ಸಾರ. ನನಗಂತೂ ಈಕೆಯ ಚರಿತ್ರೆಯಲ್ಲಿ ಅತಿ ಮುಖ್ಯವಾದ ದಾಖಲೆ ಇದೇ ಅನ್ಸುತ್ತೆ. ನಾವು ಬೂಟ್‌ಸ್ಟ್ರಾಪ್ ಸ್ಟಾರ್ಟಪ್‌ಗಳ ಕಥೆ ಕೇಳುವಾಗಲೂ ಕೊನೆಗೆ ಕೇಳೋದು ಒಂದೇ ಪ್ರಶ್ನೆ ತಾನೇ, ಎಷ್ಟು ಮಾಡಿಕೊಂಡ ಅಂತ? ಏನು ಕಟ್ಟಿದ ಅಂತ ಯಾರು ಕೇಳ್ತೀವಿ?

ಆಕೆ ಏನು ಕಟ್ಟಿದಳು ಹೇಳ್ತೀನಿ. ಕಂಪನಿಯನ್ನು ನ್ಯೂಯಾರ್ಕ್ ನಗರಕ್ಕೋ ಲಾಸ್ ಏಂಜಲಿಸ್‌ಗೋ ಒಯ್ಯದೆ ಬಫಲೊದಲ್ಲೇ ಇಟ್ಟಳು. ಸೊರಗಿದ ಊರಲ್ಲಿ ಒಂದಷ್ಟು ಜನಕ್ಕೆ ಕೆಲಸ ಆಯ್ತು. 19ನೇ ಶತಮಾನದ ಒಂದು ಹಳೇ ಚರ್ಚ್ ಕೆಡವೋ ಹಂತದಲ್ಲಿತ್ತು. ಮ್ಯಾನೇಜರ್ ಸ್ಕಾಟ್ ಫಿಶರ್ ಜೊತೆ ಸೇರಿ ಅದನ್ನು ಉಳಿಸಿ, ದುರಸ್ತಿ ಮಾಡಿಸಿ, ಕಛೇರಿ ನಡೆಸೋ ಸಭಾಂಗಣ ಮಾಡಿದರು. ಈಗ ಅದರ ಹೆಸರು ಬೇಬ್‌ವಿಲ್. ಬೇರೆ ಹಾಡುಗಾರರಿಗೂ ಆ ಲೇಬಲ್ ಬಾಗಿಲು ತೆರೆಯಿತು. ಅನಾಯಿಸ್ ಮಿಚೆಲ್ ಎಂಬಾಕೆ ಕಟ್ಟಿದ ಗ್ರೀಕ್ ಪುರಾಣದ ಹಾಡುಗಳ 'ಹೇಡಿಸ್‌ಟೌನ್' 2010ರಲ್ಲಿ ಆಲ್ಬಮ್ ಆಗಿ ಬಂದದ್ದು ಇಲ್ಲಿಂದಲೇ. ಅದೇ 2019ರಲ್ಲಿ ಬ್ರಾಡ್‌ವೇ ನಾಟಕವಾಗಿ, ಅತ್ಯುತ್ತಮ ಸಂಗೀತ ನಾಟಕದ ಟೋನಿ ಪ್ರಶಸ್ತಿ ಗೆದ್ದಿತು. ಆಲ್ಬಮಿನಲ್ಲಿ ಪರ್ಸಫನಿ ಪಾತ್ರ ಹಾಡಿದ್ದ ಆನಿ, 2024ರಲ್ಲಿ ಬ್ರಾಡ್‌ವೇ ರಂಗದ ಮೇಲೂ ಅದೇ ಪಾತ್ರ ಮಾಡಿದಳು.

ಹಾಗಂತ ಎಲ್ಲ ಸುಖವಾಗಿತ್ತು ಅಂತಲ್ಲ. ಕಂಪನಿಯ ಬಾಸ್ ಇಲ್ಲದಿದ್ದರೂ ಕೇಳುಗರೇ ಸಾವಿರ ಬಾಸ್‌ಗಳಾಗ್ತಾರೆ. 1998ರಲ್ಲಿ ಒಬ್ಬ ಗಂಡಸನ್ನು ಮದುವೆಯಾದಾಗ, ಈಕೆ ನಮ್ಮವಳು ಅಂತಿದ್ದ ಲೆಸ್ಬಿಯನ್ ಅಭಿಮಾನಿಗಳಲ್ಲಿ ಕೆಲವರು ಮುನಿಸಿಕೊಂಡರು. 2013ರಲ್ಲಿ ಲೂಸಿಯಾನಾದಲ್ಲಿ, ಹಿಂದೆ ಗುಲಾಮರನ್ನು ದುಡಿಸಿದ್ದ ನಾಟವೇ ಎಸ್ಟೇಟಿನಲ್ಲಿ ಹಾಡು ಕಟ್ಟುವ ಶಿಬಿರ ಇಟ್ಟುಕೊಂಡಾಗ ದೊಡ್ಡ ಪ್ರತಿಭಟನೆ ಆಯ್ತು. ಶಿಬಿರ ರದ್ದಾಯ್ತು. ಆಕೆಯ ಮೊದಲ ಹೇಳಿಕೆ ಸಮರ್ಥನೆ ಥರ ಇದೆ ಅಂತ ಜನ ಇನ್ನೂ ಸಿಟ್ಟಾದರು. ಆಮೇಲೆ ಕ್ಷಮೆ ಕೇಳಿದಳು. ಇಲ್ಲಿ ಟೀಕೆ ಮಾಡಿದವರದ್ದು ನ್ಯಾಯವೇ. ನಮ್ಮ ಕಡೆ ನಿಲ್ತಾಳೆ ಅಂತ ನಂಬಿ ಹಾಡು ಕೇಳಿದವರಿಗೆ ಪ್ರಶ್ನೆ ಕೇಳೋ ಹಕ್ಕೂ ಇರುತ್ತೆ.

ನಮ್ಮ ಕಡೆಯ ಮಾತು ಒಂದೇ ಒಂದು. ಭಾರತದಲ್ಲಿ 2012ರ ಕೃತಿಸ್ವಾಮ್ಯ ತಿದ್ದುಪಡಿ ಬಂದ ಮೇಲೆ, ಚಿತ್ರಗೀತೆ ಬರೆದವರೂ ರಾಗ ಹಾಕಿದವರೂ ಚಿತ್ರಮಂದಿರದ ಆಚೆಗಿನ ಬಳಕೆಯಿಂದ ಬರೋ ರಾಯಲ್ಟಿಯ ಪಾಲನ್ನು ಕಂಪನಿಗೆ ಬರೆದುಕೊಟ್ಟುಬಿಡೋ ಹಾಗಿಲ್ಲ. ಅಲ್ಲಿಯವರೆಗೆ 'ಎಲ್ಲವೂ ನಿಮ್ಮದೇ' ಅಂತ ಒಂದೇ ಸಹಿಯಲ್ಲಿ ಮುಗೀತಿತ್ತು. ಈಗ ನಮ್ಮಲ್ಲೂ ಯೂಟ್ಯೂಬಿಗೆ ಸ್ವಂತ ಕನ್ನಡ ಹಾಡು ಹಾಕೋ ಹುಡುಗ ಹುಡುಗಿಯರಿದ್ದಾರೆ. ಎಷ್ಟೋ ಜನ ಹಗಲು ಐಟಿ ಕೆಲಸ ಮಾಡಿ ರಾತ್ರಿ ಹಾಡು ಕಟ್ಟುವವರು. ಅವರಿಗೆ ನನ್ನ ಮಾತು ಇಷ್ಟು: ವ್ಯೂಸ್ ಲೆಕ್ಕ ಆಮೇಲೆ ನೋಡಿ. ಯಾವುದಾದರೂ ಲೇಬಲ್ ಕಾಗದ ಚಾಚಿದಾಗ ಮಾಸ್ಟರ್ ಯಾರ ಹೆಸರಲ್ಲಿ ಉಳಿಯುತ್ತೆ, ಎಷ್ಟು ವರ್ಷಕ್ಕೆ ಅನ್ನೋ ಎರಡು ಸಾಲು ಹುಡುಕಿ ಓದಿ, ಆಮೇಲೆ ಪೆನ್ನು ತೆಗೀರಿ.

ಆನಿಯನ್ನು ಇನ್ನೂ ಕೇಳದಿದ್ದವರು 'ಲಿವಿಂಗ್ ಇನ್ ಕ್ಲಿಪ್'ನಿಂದ ಶುರು ಮಾಡಿ. ಗಿಟಾರ್ ತಂತಿಯನ್ನು ತಾಳವಾದ್ಯದ ಹಾಗೆ ಬಡಿಯೋದು, ಮಧ್ಯೆ ಮಧ್ಯೆ ಜನರ ಜೊತೆ ನಗೋದು, ಎಲ್ಲ ಅದರಲ್ಲಿದೆ.